ಕಾಯಿಸಿ ಆರಿಸಿದರೂ ಹೋಗದ ನೊರೆ: ಸೇನಾನೆಲೆಯ ಪಕ್ಕದ ಬಾವಿನೀರಿನ ಬಗ್ಗೆ

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಾರ್ಷಮ್ ಹತ್ತಿರ, ವಿಲೋ ಗ್ರೋವ್ ಎಂಬ ಹಳೆಯ ನೌಕಾ ವಾಯುನೆಲೆಯಿಂದ ಎರಡು ಮೈಲಿ ದೂರದಲ್ಲಿ ನಾವು 2013ರಿಂದ ವಾಸವಾಗಿದ್ದೇವೆ. ಮನೆಗೆ ಸ್ವಂತ ಕೊಳವೆಬಾವಿಯ ನೀರು. 2016ರಲ್ಲಿ ನೀರನ್ನು ಪರೀಕ್ಷಿಸಿದವರು ನೆಲೆಯ ಅಗ್ನಿಶಾಮಕ ನೊರೆಯ ರಾಸಾಯನಿಕಗಳಾದ ಪಿಎಫ್‌ಒಎಸ್ ಲೀಟರಿಗೆ 33 ನ್ಯಾನೋಗ್ರಾಂ, ಪಿಎಫ್‌ಒಎ 8, ಒಟ್ಟು 41, ಮಿತಿ 70, ಆದ್ದರಿಂದ ಕುಡಿಯಬಹುದು ಎಂದು ಪತ್ರ ಕೊಟ್ಟಿದ್ದರು. ಈಗ ಮಿತಿ 4 ಎಂದು ಓದಿದಾಗ ಎದೆ ಧಸಕ್ಕೆಂದಿತು. 2016ರಲ್ಲೇ ಹುಟ್ಟಿದ ಮಗಳಿಗೆ ನಾನು ಎದೆಹಾಲು ಕೊಟ್ಟಿದ್ದೇನೆ. ಪಾವಗಡದಿಂದ ಬಂದಿರುವ ಅಮ್ಮ ನೀರನ್ನು ಕುದಿಸಿ ಆರಿಸಿಯೇ ಎಲ್ಲರಿಗೂ ಕೊಡುತ್ತಾರೆ. ಇದೂ ನಮ್ಮೂರ ಫ್ಲೋರೈಡಿನಂಥದ್ದೇ ಇರಬೇಕು ಎನ್ನುತ್ತಾರೆ. ಕುದಿಸಿದರೆ ಸಾಕೇ? ಫ್ರಿಜ್ಜಿನ ಫಿಲ್ಟರ್ ಸಾಕೇ? ರಕ್ತ ಪರೀಕ್ಷೆ ಮಾಡಿಸಬೇಕೇ? ಇದು ಮೈಯಿಂದ ಹೋಗುವುದಾದರೂ ಎಂದು?

ಉತ್ತರ: ಇವತ್ತಿನ ಅಡುಗೆಗೇ ಬೇಕಾದ ಮಾತನ್ನು ಮೊದಲು ಹೇಳುತ್ತೇನೆ. ಕುದಿಸುವುದರಿಂದ ಈ ರಾಸಾಯನಿಕಗಳು ಹೋಗುವುದಿಲ್ಲ. ಎರಡು ಲೀಟರ್ ನೀರನ್ನು ಒಲೆಯ ಮೇಲಿಟ್ಟು, ಅದು ಒಂದೂವರೆ ಲೀಟರಿಗೆ ಇಳಿಯುವವರೆಗೆ ಕುದಿಸಿದರೆ, ಆವಿಯಾಗಿ ಹೋಗುವುದು ನೀರು ಮಾತ್ರ. ರಾಸಾಯನಿಕ ಅಷ್ಟೂ ಪಾತ್ರೆಯಲ್ಲೇ ಉಳಿದು, ಪ್ರತಿ ಲೋಟದಲ್ಲಿ ಅದರ ಪ್ರಮಾಣ ಮೂರನೇ ಒಂದು ಭಾಗದಷ್ಟು ಏರುತ್ತದೆ. ಅನ್ನಕ್ಕೆ ಇಟ್ಟ ನೀರನ್ನು ಅಕ್ಕಿ ಪೂರ್ತಿ ಹೀರಿಕೊಳ್ಳುವುದರಿಂದ, ಅದರಲ್ಲಿದ್ದದ್ದೆಲ್ಲ ಅನ್ನದ ಜೊತೆ ತಟ್ಟೆಗೆ ಬರುತ್ತದೆ. ಸಾರು, ಬೇಳೆ, ಕಾಫಿಯ ಡಿಕಾಕ್ಷನ್ನಿಗೂ ಇದೇ ಲೆಕ್ಕ. ನಿಮ್ಮ ತಾಯಿಯವರು ತಪ್ಪು ಮಾಡುತ್ತಿಲ್ಲ. ಕಾಲರಾ, ಟೈಫಾಯಿಡ್, ಕಾಮಾಲೆಯಂಥ ರೋಗಗಳ ಕಾಲದಲ್ಲಿ ಎಷ್ಟೋ ಮಕ್ಕಳ ಜೀವವನ್ನು ಉಳಿಸಿದ ಪದ್ಧತಿ ಅದು. ಆದರೆ ಅದು ಜೀವವಿರುವ ಕ್ರಿಮಿಯನ್ನು ಕೊಲ್ಲುವ ಉಪಾಯ. ಇಲ್ಲಿ ಕೊಲ್ಲುವುದಕ್ಕೆ ಜೀವವೇ ಇಲ್ಲ, ಒಡೆಯುವುದಕ್ಕೆ ಒಲೆಯ ಶಾಖ ಸಾಲದು. ಸಾವಿರ ಡಿಗ್ರಿಯ ಆಸುಪಾಸಿನ ಬೆಂಕಿಯ ಎದುರಿಗೇ ಕೆಲಸ ಮಾಡಲೆಂದು ತಯಾರಿಸಿದ ವಸ್ತು ನೂರು ಡಿಗ್ರಿಯ ನೀರಿನಲ್ಲಿ ಕರಗಿಹೋಗಲಿ ಎಂದು ನಾವು ಅಪೇಕ್ಷಿಸುವಂತಿಲ್ಲ.

ಆ ವಸ್ತುವಿನ ಸ್ವಭಾವ ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆಯೇ. ವಿಮಾನದ ಇಂಧನಕ್ಕೆ ಹತ್ತಿದ ಬೆಂಕಿಗೆ ನೀರು ಹಾಯಿಸಿದರೆ, ಇಂಧನಕ್ಕಿಂತ ಭಾರವಾದ ನೀರು ಕೆಳಗಿಳಿಯುತ್ತದೆ, ಉರಿಯುವ ಇಂಧನ ನೀರಿನ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹರಡುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯವೂ 3ಎಂ ಕಂಪನಿಯೂ ಸೇರಿ 1960ರ ದಶಕದಲ್ಲಿ ಒಂದು ನೊರೆಯನ್ನು ರೂಪಿಸಿದವು. 1967ರ ಜುಲೈ 29ರಂದು ಫಾರೆಸ್ಟಲ್ ಎಂಬ ವಿಮಾನವಾಹಕ ನೌಕೆಯಲ್ಲಿ ಬೆಂಕಿ ಬಿದ್ದು 134 ಜನ ಸತ್ತ ಮೇಲೆ ಅದರ ಬಳಕೆಗೆ ವೇಗ ಬಂತು. ಅಗ್ನಿಶಾಮಕರು ಇದನ್ನು ಎ-ಟ್ರಿಪಲ್-ಎಫ್ ಎಂದು ಕರೆಯುತ್ತಾರೆ. ಸೋಪಿಗಾಗಲಿ ನಮ್ಮ ಅಂಟುವಾಳದ ನೊರೆಗಾಗಲಿ ಎರಡು ತುದಿಗಳಿರುತ್ತವೆ: ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಎಣ್ಣೆ ಬೇಕು. ಈ ನೊರೆಯಲ್ಲಿರುವ ಅಣುವಿನ ಒಂದು ತುದಿ ನೀರನ್ನು ಬಯಸಿದರೂ, ಇನ್ನೊಂದು ತುದಿಗೆ ನೀರೂ ಬೇಡ, ಎಣ್ಣೆಯೂ ಬೇಡ. ಆ ತುದಿ ಇಂಗಾಲದ ಸರಪಳಿ. ಅದರ ಒಂದೊಂದು ಕೊಂಡಿಗೂ ಫ್ಲೋರಿನ್ ಅಂಟಿಕೊಂಡಿರುತ್ತದೆ. ಹಾಗಾಗಿ ನೀರಿನ ಮೇಲ್ಮೈ ಸೆಳೆತ ಮೀಟರಿಗೆ 72 ಮಿಲಿನ್ಯೂಟನ್‌ನಿಂದ 16-17ಕ್ಕೆ ಇಳಿಯುತ್ತದೆ. ಅದು ಇಂಧನದ ಸೆಳೆತಕ್ಕಿಂತಲೂ ಕಡಿಮೆಯಾದ್ದರಿಂದ, ತೆಳುವಾದ ನೀರಿನ ಪೊರೆಯೊಂದು ಇಂಧನದ ಮೇಲೆ ತಾನಾಗಿಯೇ ಹರಡಿ, ಆವಿ ಮೇಲೇಳದಂತೆ ಮುಚ್ಚಿಬಿಡುತ್ತದೆ. ತರಬೇತಿಯ ಹೊಂಡವೊಂದರಲ್ಲಿ ನಾನು ಇದನ್ನು ಹತ್ತಿರದಿಂದ ನೋಡಿದ್ದೇನೆ. ಆಳೆತ್ತರ ಏಳುತ್ತಿದ್ದ ಕಪ್ಪು ಹೊಗೆಯ ಉರಿಯ ಮೇಲೆ ಬಿಳಿಯ ನೊರೆ ಮಜ್ಜಿಗೆಯಂತೆ ಜಾರಿಕೊಂಡು ಹೋಯಿತು. ಅರ್ಧ ನಿಮಿಷ ಕಳೆಯುವುದರೊಳಗೆ ಅಲ್ಲಿ ಉರಿಯೇ ಇರಲಿಲ್ಲ. ಅದು ಜೀವ ಉಳಿಸಿದ ವಸ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನಶಾಸ್ತ್ರದಲ್ಲಿ ಅತ್ಯಂತ ಬಲವಾದ ಬಂಧಗಳಲ್ಲಿ ಒಂದು. ಬಿಸಿಲು, ಮಣ್ಣಿನ ಸೂಕ್ಷ್ಮಜೀವಿ, ಕ್ಲೋರಿನ್, ನೇರಳಾತೀತ ದೀಪ, ನಮ್ಮ ಯಕೃತ್ತು ಇವುಗಳಲ್ಲಿ ಯಾವುದೂ ಅದನ್ನು ಬಿಡಿಸಲಾರದು. ಇಂಥ ಸಾವಿರಾರು ವಸ್ತುಗಳ ಕುಟುಂಬಕ್ಕೆ ಪಿಎಫ್‌ಎಎಸ್ ಎಂದು ಹೆಸರು. ಆ ಕುಟುಂಬದ ಪಿಎಫ್‌ಒಎಸ್, ಪಿಎಫ್‌ಒಎ, ಪಿಎಫ್‌ಹೆಚ್‌ಎಕ್ಸ್‌ಎಸ್ ಎಂಬ ಮೂರು ಹೆಸರುಗಳನ್ನು ನೀವು ನೆನಪಿಟ್ಟುಕೊಂಡರೆ ಸಾಕು.

ಇನ್ನು ಅದು ನಿಮ್ಮ ಬಾವಿಗೆ ಬಂದ ಬಗೆ. ಜನ ಸಾಮಾನ್ಯವಾಗಿ ಯಾವುದೋ ಒಂದು ಅಪಘಾತ, ಒಂದು ಸೋರಿಕೆ ಆಗಿರಬೇಕು ಎಂದುಕೊಳ್ಳುತ್ತಾರೆ. ಬಹುಮಟ್ಟಿಗೆ ಇದು ದಿನನಿತ್ಯದ ಅಭ್ಯಾಸದ ಫಲ. ತಳಕ್ಕೆ ಹಾಸಿಲ್ಲದ ಹೊಂಡಗಳಲ್ಲಿ ಹಳೆಯ ಇಂಧನ ಸುರಿದು, ಹೊತ್ತಿಸಿ, ಆರಿಸಿ, ಹಾಗೆಯೇ ಬಿಡುತ್ತಿದ್ದರು. ಹ್ಯಾಂಗರಿನ ಚಾವಣಿಯ ನೊರೆ ಯಂತ್ರ ಸರಿಯಿದೆಯೇ ಎಂದು ತಿರುಗಿಸಿ ನೋಡುತ್ತಿದ್ದರು, ಅಗ್ನಿಶಾಮಕ ವಾಹನದ ಟ್ಯಾಂಕನ್ನು ತೊಳೆದು ಚರಂಡಿಗೆ ಬಿಡುತ್ತಿದ್ದರು. ವರ್ಷಗಟ್ಟಲೆ, ದಶಕಗಟ್ಟಲೆ. ವಾರ್ಮಿನ್‌ಸ್ಟರಿನ ನೌಕಾ ಕೇಂದ್ರ 1996ರಲ್ಲಿ, ವಿಲೋ ಗ್ರೋವ್ 2011ರಲ್ಲಿ ಮುಚ್ಚಿದವು. ವಿಮಾನಗಳು ಹೋದ ಮೇಲೂ ನೆಲದೊಳಗಿನ ನೊರೆ ಹರಿಯುತ್ತಲೇ ಇತ್ತು. ನಿಮ್ಮ ಭಾಗದ ತಳಬಂಡೆ ಮರಳುಗಲ್ಲು ಮತ್ತು ಜೇಡಿಗಲ್ಲಿನ ಪದರಗಳದು, ಅದರಲ್ಲಿ ನೀರು ಹರಿಯುವುದು ಬಿರುಕುಗಳ ಗುಂಟ. ಆದ್ದರಿಂದಲೇ ಅಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದರಲ್ಲಿ 200, ಇನ್ನೊಂದರಲ್ಲಿ 5 ಬರುವುದು ಅಸಹಜವೇನಲ್ಲ, ನೆರೆಯವರ ವರದಿ ನೋಡಿ ನಿಮ್ಮ ಬಾವಿಯನ್ನು ಊಹಿಸಲೂ ಆಗದು. 2014ರಲ್ಲಿ ಹಾರ್ಷಮ್, ವಾರ್ಮಿನ್‌ಸ್ಟರುಗಳ ಸಾರ್ವಜನಿಕ ಬಾವಿಗಳನ್ನು ಮುಚ್ಚಿದರು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರಿನ ಹಳೆಯ ಪೀಸ್ ವಾಯುನೆಲೆಯ ಹೇವನ್ ಎಂಬ ಬಾವಿಯಲ್ಲಿ ಪಿಎಫ್‌ಒಎಸ್ ಒಂದೇ 2,500 ಇತ್ತು. ಆ ನೀರನ್ನು ಅಲ್ಲಿನ ಶಿಶುವಿಹಾರದ ಮಕ್ಕಳೂ ಕುಡಿದಿದ್ದರು. ಸ್ವೀಡನ್ನಿನ ರೊನ್ನೆಬಿ, ಆಸ್ಟ್ರೇಲಿಯಾದ ವಿಲಿಯಂಟೌನ್ ಮತ್ತು ಓಕಿ, ಜಪಾನಿನ ಓಕಿನಾವಾ, ಎಲ್ಲ ಕಡೆಯೂ ರನ್‌ವೇಯಿಂದ ಕೆಳಗಿನ ಊರಿಗೆ ಹರಿದದ್ದು ಇದೇ ನೊರೆ.

ನಿಮ್ಮ ಎದೆ ಧಸಕ್ಕೆನ್ನಿಸಿದ ಅಂಕಿಗಳ ವಿಷಯಕ್ಕೆ ಬರುತ್ತೇನೆ. ಇವೆಲ್ಲ ಲೀಟರಿಗೆ ನ್ಯಾನೋಗ್ರಾಂ ಲೆಕ್ಕ, ಅಂದರೆ ಲಕ್ಷ ಕೋಟಿಯಲ್ಲಿ ಒಂದು ಭಾಗ. 25 ಲಕ್ಷ ಲೀಟರ್ ಹಿಡಿಯುವ ದೊಡ್ಡ ಈಜುಕೊಳವನ್ನು 4ರ ಮಟ್ಟಕ್ಕೆ ತರಲು 10 ಮಿಲಿಗ್ರಾಂ ಸಾಕು, ಮೂರು ಎಳ್ಳಿನ ಕಾಳಿನಷ್ಟು ತೂಕ. ಹಳೆಯ ನೊರೆಯ ಒಂದು ಲೀಟರ್ ಸಾಂದ್ರ ದ್ರವದಲ್ಲಿ ಹಲವು ಗ್ರಾಂ ಪಿಎಫ್‌ಒಎಸ್ ಇರುತ್ತಿತ್ತು; ಒಂದೇ ಗ್ರಾಂ 25 ಕೋಟಿ ಲೀಟರ್ ನೀರನ್ನು ಆ ಮಟ್ಟಕ್ಕೆ ತರಬಲ್ಲದು. 2016ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪಿಎಫ್‌ಒಎಸ್ ಮತ್ತು ಪಿಎಫ್‌ಒಎ ಸೇರಿ 70 ಎಂದದ್ದು ಕಾನೂನಿನ ಮಿತಿಯಲ್ಲ, ಸಲಹೆ ಮಾತ್ರ. 2024ರ ಏಪ್ರಿಲ್ 10ರಂದು ಅದೇ ಸಂಸ್ಥೆ ಎರಡಕ್ಕೂ ತಲಾ 4 ಎಂದು ಕಾನೂನಿನ ಮಿತಿಯನ್ನು ಪ್ರಕಟಿಸಿತು. ಈ ಎಂಟು ವರ್ಷಗಳಲ್ಲಿ ನೀರು ಬದಲಾಗಲಿಲ್ಲ, ಮನುಷ್ಯರ ಮೇಲಿನ ಅಧ್ಯಯನಗಳಿಂದ ಬಂದ ತಿಳಿವಳಿಕೆ ಬದಲಾಯಿತು. ಪ್ರಯೋಗಾಲಯದ ಇಲಿಗಿಂತ ಮನುಷ್ಯನ ಮೈಯಲ್ಲಿ ಇದು ಎಷ್ಟೋ ಪಟ್ಟು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದಕ್ಕೆ, ಮಕ್ಕಳ ಲಸಿಕೆಗೆ ಬರುವ ಪ್ರತಿಕಾಯಗಳು ಕಡಿಮೆಯಾಗುತ್ತವೆ ಎಂಬುದಕ್ಕೆ ಬಲವಾದ ಪುರಾವೆ ಬಂತು. 2023ರ ಕೊನೆಯಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂಬ ಮೊದಲ ಗುಂಪಿಗೆ, ಪಿಎಫ್‌ಒಎಸ್ಸನ್ನು ಕ್ಯಾನ್ಸರ್‌ಕಾರಕ ಆಗಿರಬಹುದು ಎಂಬ ಗುಂಪಿಗೆ ಸೇರಿಸಿತು. ಹಾಗೆಂದು 41ರ ನೀರು ಕುಡಿದವರೆಲ್ಲ ರೋಗಿಗಳಾಗುತ್ತಾರೆ ಎಂದಲ್ಲ. 4 ಎಂಬುದು ದಾಟಿದೊಡನೆ ವಿಷವಾಗುವ ಗೆರೆಯಲ್ಲ, ದೀರ್ಘಕಾಲದ ಸಂಭವವನ್ನು ತಗ್ಗಿಸಲು ಹಾಕಿದ ಗೆರೆ. ಆದರೆ ಸಲಹೆಯ ಅಂಕಿಯೊಂದನ್ನು ಹಿಡಿದುಕೊಂಡು ‘ಕುಡಿಯಬಹುದು’ ಎಂದು ಮಗು ಹುಟ್ಟಲಿರುವ ಮನೆಗೆ ಪತ್ರ ಬರೆದದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ‘ಈಗಿನ ಸಲಹೆಯ ಮಟ್ಟಕ್ಕಿಂತ ಕಡಿಮೆ ಇದೆ, ಫಿಲ್ಟರ್ ಹಾಕಿಕೊಳ್ಳುವುದು ಒಳ್ಳೆಯದು’ ಎಂದು ಇನ್ನೊಂದು ಸಾಲು ಬರೆಯಲು ಯಾವ ಅಡ್ಡಿಯೂ ಇರಲಿಲ್ಲ.

ಆ ಪತ್ರದಲ್ಲಿ ಇನ್ನೊಂದು ಕೊರತೆಯಿದೆ. ಅದು ಎರಡನ್ನು ಮಾತ್ರ ಎಣಿಸಿದೆ. ಎ-ಟ್ರಿಪಲ್-ಎಫ್ ನೊರೆ ಹರಿದ ಕಡೆ ಪಿಎಫ್‌ಹೆಚ್‌ಎಕ್ಸ್‌ಎಸ್ ಎಂಬ ಮೂರನೆಯದೂ ಹೆಚ್ಚಾಗಿಯೇ ಇರುತ್ತದೆ. ಮಣ್ಣಿಗೆ ಅಂಟುವುದು ಕಡಿಮೆಯಾದ್ದರಿಂದ ಅದು ಪಿಎಫ್‌ಒಎಸ್‌ಗಿಂತ ಮುಂದೆ ಓಡುತ್ತದೆ. 2018ರಲ್ಲಿ ನಿಮ್ಮ ಬಕ್ಸ್ ಮತ್ತು ಮಾಂಟ್‌ಗೊಮರಿ ಕೌಂಟಿಗಳ 235 ಜನರ ರಕ್ತ ಪರೀಕ್ಷೆ ನಡೆದಾಗ ದೇಶದ ಸರಾಸರಿಗಿಂತ ಎದ್ದು ಕಂಡದ್ದು ಇದೇ. ಇದಕ್ಕೂ 2024ರಲ್ಲಿ 10ರ ಮಿತಿ ಬಂದಿತ್ತು. 2025ರ ಮೇ ತಿಂಗಳಲ್ಲಿ ಆ ಮಿತಿಯನ್ನು ಹಿಂತೆಗೆಯುವುದಾಗಿಯೂ, ಉಳಿದ ಎರಡರ ಗಡುವನ್ನು 2029ರಿಂದ 2031ಕ್ಕೆ ಮುಂದೂಡುವುದಾಗಿಯೂ ಸಂಸ್ಥೆ ಘೋಷಿಸಿದೆ. ರಾಜಕೀಯ ಏನೇ ಇರಲಿ, ಹೊಸ ಪರೀಕ್ಷೆಯಲ್ಲಿ ಈ ಮೂರನೆಯದರ ಅಂಕಿಯನ್ನು ಕೇಳಿ ಪಡೆಯಿರಿ.

ನಿಮ್ಮ ತಾಯಿಯವರ ಮಾತಿಗೆ ಪ್ರತ್ಯೇಕವಾಗಿ ಉತ್ತರಿಸಬೇಕು, ಏಕೆಂದರೆ ಹೆಸರು ಒಂದೇ ರೀತಿ ಕೇಳಿಸುವುದರಿಂದ ಈ ಗೊಂದಲವನ್ನು ಓದಿದವರಲ್ಲೂ ಕಂಡಿದ್ದೇನೆ. ಪಾವಗಡದ ಫ್ಲೋರೈಡ್ ಬಂಡೆಯಿಂದ ಕರಗಿ ಬಂದ ಲವಣ. ಅದು ಯಾರೂ ತಯಾರಿಸಿದ್ದಲ್ಲ. ಅದರ ಭಾರತೀಯ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದ ಕಡೆ 1.5. ಪಿಎಫ್‌ಒಎಸ್ಸಿನ 4ರ ಜೊತೆ ಹೋಲಿಸಿದರೆ ಅದು ಲಕ್ಷಗಳ ಪಟ್ಟು ದೊಡ್ಡ ಪ್ರಮಾಣ. ಫ್ಲೋರೈಡ್ ಹಲ್ಲು ಮತ್ತು ಮೂಳೆ ಹಿಡಿಯುತ್ತದೆ, ಹಲ್ಲಿನ ಕಂದುಗೆರೆಯಲ್ಲಿ, ಬಾಗಿದ ಕಾಲಿನಲ್ಲಿ ಕಣ್ಣಿಗೇ ಕಾಣುತ್ತದೆ. ಪಿಎಫ್‌ಎಎಸ್ ರಕ್ತದ ಪ್ರೋಟೀನಿಗೆ ಅಂಟಿಕೊಂಡು, ಯಕೃತ್ತಿನಲ್ಲಿ ತಂಗಿ, ಮೂತ್ರಪಿಂಡ ಹೊರಹಾಕಲು ಹೋದರೂ ಮತ್ತೆ ಒಳಕ್ಕೇ ಹೀರಲ್ಪಡುತ್ತದೆ. ಹೊರಗೆ ಯಾವ ಗುರುತೂ ಇಲ್ಲ, ನೀರಿಗೆ ರುಚಿ, ವಾಸನೆ, ಬಣ್ಣದ ವ್ಯತ್ಯಾಸವೂ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಅಮ್ಮನ ಅನುಭವ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತಿದ್ದ ಆರ್‌ಒ ನೀರಿನ ತಂತ್ರವೇ ಇದಕ್ಕೂ ಒಗ್ಗುತ್ತದೆ.

ಅಡುಗೆಮನೆಯ ಸಿಂಕಿನ ಕೆಳಗೆ ಕೂರುವ ಆರ್‌ಒ ಘಟಕವನ್ನೇ ನಾನು ನಿಮಗೆ ಮೊದಲು ಸೂಚಿಸುತ್ತೇನೆ. ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯಗಳವರು 2020ರಲ್ಲಿ ಮನೆಗಳಲ್ಲಿ ಬಳಕೆಯಲ್ಲಿದ್ದ 76 ಫಿಲ್ಟರುಗಳನ್ನು ಪರೀಕ್ಷಿಸಿದಾಗ, ಆರ್‌ಒ ಮತ್ತು ಎರಡು ಹಂತದ ಘಟಕಗಳು ಶೇ. 94ರಷ್ಟು ಅಥವಾ ಅದಕ್ಕೂ ಹೆಚ್ಚು ತೆಗೆದವು. ಇದ್ದಿಲಿನ ಫಿಲ್ಟರುಗಳ ಸರಾಸರಿ ಶೇ. 73, ಅದೂ ಒಂದರಿಂದ ಒಂದಕ್ಕೆ ಬಹಳ ಏರುಪೇರು. ಫ್ರಿಜ್ಜಿನ ಫಿಲ್ಟರ್ ಈ ಎರಡನೆಯ ಜಾತಿಯದು: ಇದ್ದಿಲು ಕಡಿಮೆ, ನೀರು ಹಾಯುವ ವೇಗ ಹೆಚ್ಚು, ಬದಲಿಸುವುದನ್ನು ಮರೆತರೆ ಹಿಡಿದಿಟ್ಟುಕೊಂಡದ್ದನ್ನು ಮತ್ತೆ ನೀರಿಗೆ ಬಿಡಬಹುದು. ನೀವು ನೆಚ್ಚುವ ಮಟ್ಟದ್ದಲ್ಲ. ಕುಡಿಯಲು, ಅನ್ನ ಸಾರಿಗೆ, ಅಕ್ಕಿ ಬೇಳೆ ನೆನೆಸಲು, ದೋಸೆಹಿಟ್ಟು ರುಬ್ಬಲು ಆರ್‌ಒ ನೀರನ್ನೇ ಬಳಸಿ. ಸ್ನಾನ, ಬಟ್ಟೆ, ಪಾತ್ರೆಗಳಿಗೆ ಬಾವಿನೀರು ಆಗಬಹುದು, ಚರ್ಮದ ಮೂಲಕ ಒಳಹೋಗುವುದು ಬಹಳ ಕಡಿಮೆ. ಅಮ್ಮನಿಗೆ ಬೆಳಗ್ಗೆ ಬಿಸಿನೀರೇ ಬೇಕೆಂದರೆ ಆರ್‌ಒ ನೀರನ್ನು ಕಾಯಿಸಿಕೊಡಿ, ಆ ಕ್ರಮದಲ್ಲಿ ಯಾವ ತೊಂದರೆಯೂ ಇಲ್ಲ.

ನೀರಿನ ಮರುಪರೀಕ್ಷೆಯನ್ನು ತಡಮಾಡಬೇಡಿ. ಹತ್ತು ವರ್ಷದ ಹಿಂದಿನ ಅಂಕಿ ಇಂದಿನ ಬಾವಿಯದಲ್ಲ. ಸೇನಾನೆಲೆಗಳ ಸುತ್ತಲಿನ ಖಾಸಗಿ ಬಾವಿಗಳಲ್ಲಿ ಪಿಎಫ್‌ಒಎಸ್ ಅಥವಾ ಪಿಎಫ್‌ಒಎ ಹೊಸ ಮಿತಿಯ ಮೂರು ಪಟ್ಟು, ಅಂದರೆ 12 ತಲುಪಿದರೆ ಅಲ್ಲಿ ಮೊದಲು ಕ್ರಮ ಕೈಗೊಳ್ಳುವುದಾಗಿ ಅಮೆರಿಕದ ರಕ್ಷಣಾ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ತನ್ನ ನೀತಿಯನ್ನು ಬದಲಿಸಿದೆ. ನಿಮ್ಮ ಹಳೆಯ 33 ಅದನ್ನು ದಾಟಿದೆ. ಆದ್ದರಿಂದ ವಿಲೋ ಗ್ರೋವ್ ಶುದ್ಧೀಕರಣದ ಹೊಣೆ ಹೊತ್ತಿರುವ ನೌಕಾಪಡೆಯ ಕಚೇರಿಗೆ ಹಳೆಯ ವರದಿಯ ಪ್ರತಿಯೊಡನೆ ಲಿಖಿತವಾಗಿ ಬರೆದು, ಮರುಪರೀಕ್ಷೆ, ಅಲ್ಲಿಯವರೆಗೆ ಬಾಟಲಿ ನೀರು, ಬಳಿಕ ಫಿಲ್ಟರ್ ಅಥವಾ ಸಾರ್ವಜನಿಕ ಕೊಳಾಯಿ ಸಂಪರ್ಕ, ಈ ಮೂರನ್ನೂ ಕೇಳಿ. ಪೆನ್ಸಿಲ್ವೇನಿಯಾ 2023ರಲ್ಲಿ ತಂದ 14 ಮತ್ತು 18ರ ಮಿತಿಗಳಾಗಲಿ, ಕೇಂದ್ರದ 4 ಆಗಲಿ ಸಾರ್ವಜನಿಕ ಸರಬರಾಜಿಗೆ ಮಾತ್ರ ಅನ್ವಯಿಸುತ್ತವೆ. ಖಾಸಗಿ ಬಾವಿಯವರ ಪರವಾಗಿ ಯಾರೂ ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ.

ಮಾದರಿ ತೆಗೆಯಲು ಬಂದವರ ಕೈಯನ್ನು ಗಮನಿಸಿ. ಲಕ್ಷ ಕೋಟಿಯಲ್ಲಿ ಒಂದು ಭಾಗವನ್ನು ಅಳೆಯುವಾಗ ಮಾದರಿಯನ್ನು ನಮ್ಮ ಉಡುಪೇ ಕೆಡಿಸಬಲ್ಲದು. ನಾವು ಈ ಕೆಲಸಕ್ಕೆ ಹೋಗುವ ದಿನ ಮಳೆ ಬಂದರೂ ನೀರು ಹಿಡಿಯದ ಜಾಕೆಟ್ ಹಾಕುವುದಿಲ್ಲ, ನಲ್ಲಿಗೆ ಸುತ್ತುವ ಬಿಳಿಯ ಟೆಫ್ಲಾನ್ ಟೇಪನ್ನು ಮುಟ್ಟುವುದಿಲ್ಲ. ನೈಟ್ರೈಲ್ ಕೈಗವಸು ತೊಟ್ಟು, ನಲ್ಲಿಯ ತುದಿಯ ಜಾಲರಿಯನ್ನು ಬಿಚ್ಚಿ, ಕೆಲವು ನಿಮಿಷ ತಣ್ಣೀರನ್ನು ಹರಿಯಬಿಟ್ಟು, ಪಾಲಿಪ್ರೊಪಿಲೀನ್ ಬಾಟಲಿಯನ್ನು ಅಂಚು ತಾಗದಂತೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಗೆ ಇಳಿಸುತ್ತೇವೆ. ಜೊತೆಗೆ ಪ್ರಯೋಗಾಲಯದಿಂದಲೇ ತಂದ ಶುದ್ಧ ನೀರಿನ ಇನ್ನೊಂದು ಬಾಟಲಿಯನ್ನು ಅದೇ ಅಡುಗೆಮನೆಯಲ್ಲಿ ತೆರೆದು ತುಂಬುತ್ತೇವೆ. ಅದರಲ್ಲಿ ಏನಾದರೂ ಕಂಡರೆ ದೋಷ ನಮ್ಮದು, ಬಾವಿಯದಲ್ಲ. ಆ ಎರಡನೆಯ ಬಾಟಲಿ ಇಲ್ಲದೆ ಬಂದವರನ್ನು ‘ಅದೆಲ್ಲಿ’ ಎಂದು ಧೈರ್ಯವಾಗಿ ಕೇಳಿ. ಆರ್‌ಒ ಹಾಕಿದ ಮೇಲೆ ಅದರ ನಲ್ಲಿಯಿಂದಲೂ ಒಂದು ಮಾದರಿ ಹೋಗಲಿ.

ಈಗ ಮಗಳ ವಿಷಯ. ನೀವು ಬರೆದ ಸಾಲಿನಲ್ಲಿ ನಿಮ್ಮ ಮೇಲೆ ನೀವೇ ಹೊರಿಸಿಕೊಂಡ ತಪ್ಪು ನನಗೆ ಕಂಡಿತು. ಗರ್ಭದಲ್ಲೂ ಎದೆಹಾಲಿನಲ್ಲೂ ಪಿಎಫ್‌ಎಎಸ್ ತಾಯಿಯಿಂದ ಮಗುವಿಗೆ ಹೋಗುತ್ತದೆ ಎಂಬುದು ನಿಜ. ಹಾಗಿದ್ದೂ ಇದನ್ನು ಪರಿಶೀಲಿಸಿದ ವೈದ್ಯಕೀಯ ಸಂಸ್ಥೆಗಳು ಎದೆಹಾಲು ನಿಲ್ಲಿಸಿ ಎಂದು ಹೇಳಿಲ್ಲ, ಅದರ ಲಾಭ ದೊಡ್ಡದೆಂದೇ ಹೇಳಿವೆ. ಅದೇ ಬಾವಿಯ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟಿದ್ದರೂ ಮಗುವಿಗೆ ಇದು ತಪ್ಪುತ್ತಿರಲಿಲ್ಲ. ನೀವು ಮಾಡಿದ್ದು ಸರಿ, ತಪ್ಪು ನೀರಿನಲ್ಲಿತ್ತು. ಮಗಳ ಲಸಿಕೆಗಳಲ್ಲಿ ಒಂದೂ ತಪ್ಪದಿರಲಿ, ಪ್ರತಿಕಾಯ ಸ್ವಲ್ಪ ಕಡಿಮೆ ಬರಬಹುದಾದ ಮಗುವಿಗೆ ಲಸಿಕೆಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ಮೈಯಿಂದ ಹೋಗುವುದು ಎಂದು ಎಂಬುದಕ್ಕೆ ಅತ್ಯುತ್ತಮ ಉತ್ತರ ರೊನ್ನೆಬಿಯಿಂದ ಬಂದಿದೆ. ಅಲ್ಲಿನ ವಾಯುನೆಲೆಯ ನೊರೆ ಬ್ರಾಂತಾಫೋರ್ಸ್ ಎಂಬ ನೀರಿನ ಘಟಕಕ್ಕೆ ಸೇರಿದ್ದು ತಿಳಿದೊಡನೆ, 2013ರ ಡಿಸೆಂಬರಿನಲ್ಲಿ ಆ ಘಟಕವನ್ನು ಮುಚ್ಚಿದರು. ಶುದ್ಧ ನೀರು ಕುಡಿಯತೊಡಗಿದ 106 ಜನರ ರಕ್ತವನ್ನು ಸಂಶೋಧಕರು ಮತ್ತೆ ಮತ್ತೆ ಅಳೆದರು. ಪ್ರಮಾಣ ಅರ್ಧಕ್ಕೆ ಇಳಿಯಲು ಪಿಎಫ್‌ಒಎಗೆ 2.7 ವರ್ಷ, ಪಿಎಫ್‌ಒಎಸ್‌ಗೆ 3.4 ವರ್ಷ, ಪಿಎಫ್‌ಹೆಚ್‌ಎಕ್ಸ್‌ಎಸ್‌ಗೆ 5.3 ವರ್ಷ ಹಿಡಿಯಿತು. ನೀವು ಇಂದು ನೀರು ಬದಲಿಸಿದರೆ ಮಗಳು ಹೈಸ್ಕೂಲು ಸೇರುವ ಹೊತ್ತಿಗೆ ನೀರಿನಿಂದ ಬಂದ ಪಿಎಫ್‌ಒಎಸ್ ಅರ್ಧದ ಆಸುಪಾಸಿಗೆ ಬಂದಿರುತ್ತದೆ. ಬೆಳೆಯುವ ಮೈಯಲ್ಲಿ ಇನ್ನೂ ಬೇಗ ಇಳಿಯಬಹುದು. ಬದಲಿಸದಿದ್ದರೆ ಆ ಗಡಿಯಾರ ಶುರುವೇ ಆಗುವುದಿಲ್ಲ, ಏಕೆಂದರೆ ವರ್ಷಗಟ್ಟಲೆ ಕುಡಿದಾಗ ರಕ್ತದ ಪ್ರಮಾಣ ನೀರಿನ ಪ್ರಮಾಣದ ನೂರು ಪಟ್ಟನ್ನೂ ಮೀರಬಲ್ಲದು.

ರಕ್ತ ಪರೀಕ್ಷೆ ಮಾಡಿಸಿ ಎಂದೇ ನನ್ನ ಸಲಹೆ, ಆದರೆ ಅದರಿಂದ ಏನು ತಿಳಿಯುತ್ತದೆ ಎಂಬುದು ಮೊದಲೇ ಗೊತ್ತಿರಲಿ. ಅದು ರೋಗವನ್ನು ಹೇಳುವುದಿಲ್ಲ, ಮೈಯಲ್ಲಿ ಎಷ್ಟು ಕೂಡಿದೆ ಎಂದಷ್ಟೇ ಹೇಳುತ್ತದೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರಲ್ಲಿ ವೈದ್ಯರಿಗೆ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಹಲವು ಪಿಎಫ್‌ಎಎಸ್‌ಗಳ ಮೊತ್ತ ಪ್ರತಿ ಮಿಲಿಲೀಟರಿಗೆ 2 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ಮಾಮೂಲಿನ ಆರೈಕೆ ಸಾಕು. 2ರಿಂದ 20ರೊಳಗಿದ್ದರೆ ಕೊಲೆಸ್ಟರಾಲ್, ಗರ್ಭಿಣಿಯರ ರಕ್ತದೊತ್ತಡ, ಸ್ತನ ಕ್ಯಾನ್ಸರ್ ತಪಾಸಣೆಗಳ ಕಡೆ ಗಮನವಿರಬೇಕು. 20 ಮೀರಿದರೆ ಥೈರಾಯಿಡ್ ತೊಂದರೆ, ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ದೊಡ್ಡ ಕರುಳಿನ ಹುಣ್ಣು ಇವುಗಳ ಲಕ್ಷಣಗಳನ್ನೂ ನೋಡುತ್ತಿರಬೇಕು. ನಿಮ್ಮ ವೈದ್ಯರು ಇದನ್ನು ಕೇಳಿರದಿದ್ದರೆ ಮಾರ್ಗಸೂಚಿಯ ಪ್ರತಿಯನ್ನು ನೀವೇ ಒಯ್ಯಿರಿ. ಆಸ್ಟ್ರೇಲಿಯಾದ 285 ಅಗ್ನಿಶಾಮಕರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷ ಪ್ಲಾಸ್ಮಾ ಕೊಟ್ಟವರ ಪಿಎಫ್‌ಒಎಸ್ ಶೇ. 30ರಷ್ಟು ಇಳಿದಿತ್ತು. ಅದು ಕೆಲಸದಲ್ಲೇ ಈ ನೊರೆಯ ಸಂಪರ್ಕಕ್ಕೆ ಬಂದವರ ಮಾತು. ನಿಮಗೆ ಮೊದಲ ಮದ್ದು ನೀರು ಬದಲಿಸುವುದೇ. ಮೈ ಶುದ್ಧಿ ಮಾಡುತ್ತೇವೆ ಎಂದು ಪುಡಿ, ಕಷಾಯ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಿತ್ತಲಲ್ಲಿ ಮೆಂತ್ಯ, ಹರಿವೆ ಬೆಳೆಯುತ್ತಿದ್ದರೆ ಅವುಗಳಿಗೆ ಬಾವಿನೀರಿನ ಬದಲು ಮಳೆನೀರು ಹಾಕಿ. ಸೊಪ್ಪಿನ ಎಲೆ ಇಂಥ ರಾಸಾಯನಿಕಗಳನ್ನು, ವಿಶೇಷವಾಗಿ ಚಿಕ್ಕ ಸರಪಳಿಯವನ್ನು, ಹಣ್ಣಿಗಿಂತ ಹೆಚ್ಚು ಹಿಡಿಯುತ್ತದೆ. ನೆಶಾಮಿನಿ ಹೊಳೆಯ ಪಾತ್ರದ ಮೀನನ್ನಂತೂ ಯಾರು ಕೊಟ್ಟರೂ ತಿನ್ನಬೇಡಿ. ಪಿಎಫ್‌ಒಎಸ್ ಕಾರಣಕ್ಕೇ ರಾಜ್ಯ ಸರ್ಕಾರ 2021ರಲ್ಲಿ ಅಲ್ಲಿನ ಎಲ್ಲ ಮೀನುಗಳಿಗೂ ತಿನ್ನಬಾರದೆಂಬ ಎಚ್ಚರಿಕೆ ಹೊರಡಿಸಿದೆ.

ಕೊನೆಯದಾಗಿ, 2016ರ ಆ ಪತ್ರವನ್ನು ಎಸೆಯಬೇಡಿ. 2023ರಲ್ಲಿ 3ಎಂ ಕಂಪನಿ ಒಪ್ಪಿಕೊಂಡ 1,030 ಕೋಟಿ ಡಾಲರ್ ಪರಿಹಾರ ಸಾರ್ವಜನಿಕ ನೀರು ಸರಬರಾಜು ಸಂಸ್ಥೆಗಳಿಗೆ ಸೇರಿದ್ದು. ಖಾಸಗಿ ಬಾವಿಯವರ ಪಾಲು ಅದರಲ್ಲಿಲ್ಲ, ಅವರ ದಾವೆಗಳ ದಾರಿ ಬೇರೆ. ಅದೇ ವರ್ಷದ ಡಿಸೆಂಬರಿನಲ್ಲಿ ಸ್ವೀಡನ್ನಿನ ಸುಪ್ರೀಂ ಕೋರ್ಟು, ರಕ್ತದಲ್ಲಿ ಪಿಎಫ್‌ಎಎಸ್ ಅತಿಯಾಗಿ ಸೇರಿರುವುದೇ ದೈಹಿಕ ಹಾನಿ, ಅದಕ್ಕೆ ರೋಗ ಬಂದಿರಲೇಬೇಕೆಂದಿಲ್ಲ ಎಂದು ರೊನ್ನೆಬಿಯ ಜನರ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪು ಪೆನ್ಸಿಲ್ವೇನಿಯಾದಲ್ಲಿ ನಡೆಯುವುದಿಲ್ಲ. ಆದರೆ ರೊನ್ನೆಬಿಯವರು ಅಲ್ಲಿಗೆ ತಲುಪಿದ್ದು ತಮ್ಮ ನೀರಿನ ಮತ್ತು ರಕ್ತದ ಅಂಕಿಗಳನ್ನು ಹಿಡಿದುಕೊಂಡೇ. ಹಳೆಯ ಪತ್ರ, ಹೊಸ ವರದಿ, ರಕ್ತದ ಫಲಿತಾಂಶ, ಆರ್‌ಒ ರಸೀದಿ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಮರುಪರೀಕ್ಷೆಯ ವರದಿ ಬಂದ ಮೇಲೆ ಮೂರೂ ಅಂಕಿಗಳನ್ನು ನನಗೆ ಬರೆದು ತಿಳಿಸಿದರೆ, ಕೊಳಾಯಿ ಸಂಪರ್ಕಕ್ಕೆ ಒತ್ತಾಯಿಸಬೇಕೇ, ಆರ್‌ಒ ಸಾಕೇ ಎಂಬುದನ್ನು ಅವುಗಳನ್ನು ನೋಡಿ ಹೇಳುತ್ತೇನೆ.